ಹೆಸರು ಕೆತ್ತಿದ ಚಾಕು

ಫ್ರಾನ್ಸಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಪ್ಯಾರಿಸ್ಸಿನ ಆ ಕಬ್ಬಿಣದ ಗೋಪುರದ ಬಗ್ಗೆ. ನಾನು ಅದನ್ನು ನೋಡಲಿಲ್ಲ. ಟ್ಯಾಕ್ಸಿಯ ಕಿಟಕಿಯಿಂದ ಕಾಣುತ್ತದೆ ಎಂದಿದ್ದರು. ನಾನು ಕೂತದ್ದು ಇನ್ನೊಂದು ಬದಿಗೆ. ನಾನು ನೋಡಿ ಬಂದದ್ದು ಬೆಟ್ಟದ ಇಳಿಜಾರಿಗೆ ಅಂಟಿಕೊಂಡಿರುವ ಒಂದು ಸಣ್ಣ ಊರನ್ನು. ಅಲ್ಲಿ ಕಿರಾಣಿ ಅಂಗಡಿಗಿಂತ ಚಾಕುವಿನ ಅಂಗಡಿಗಳೇ ಜಾಸ್ತಿ. ದಾವಣಗೆರೆಯಿಂದ ಅಷ್ಟು ದೂರ ಹೋಗಿ ಚಾಕು ನೋಡಿ ಬಂದೆಯಾ ಎಂದು ನಗುವವರಿಗೆ ನಾನು ಉತ್ತರ ಕೊಡುವುದಿಲ್ಲ. ಹೋದದ್ದು ಚಾಕುವಿಗಾಗಿಯೇ. ಆದರೆ ತಂದದ್ದು ಅದೊಂದೇ ಅಲ್ಲ.

ಸರಸ್ವತಿ ನಗರ

ನನ್ನ ತಮ್ಮ ರುದ್ರೇಶನಿಗೆ ಹರಿಹರದಲ್ಲಿ ಒಂದು ಲೇತ್ ವರ್ಕ್‌ಶಾಪ್ ಇದೆ. ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಅಕ್ಕಿ ಗಿರಣಿಯವರ ಮುರಿದ ಗೇರು, ಇವು ಅವನ ಹೊಟ್ಟೆಪಾಡು. ಅವನ ಹುಚ್ಚು ಮಾತ್ರ ಮಡಚುವ ಚಾಕು. ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು, ಕೈಯಲ್ಲೇ ಮಾಡಿದ್ದು. ಕೆಲವರು ಪಾರಿವಾಳ ಸಾಕುತ್ತಾರೆ, ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ. ಇವನ ಬೀರುವಿನಲ್ಲಿ ಒಂದು ಖಾನೆ ತುಂಬ ಚಾಕು. ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೀಲ. "ತರಕಾರಿ ಹೆಚ್ಚಾಕೆ ಒಂದು ಕೊಡ್ರಿ ಅಂದ್ರೆ ಜೀವ ಹೋದಂಗೆ ಮಾಡ್ತಾರೆ" ಎಂದು ಅವನ ಹೆಂಡತಿ ಲತಾ ನನ್ನ ಹತ್ತಿರ ಎಷ್ಟೋ ಸಲ ದೂರಿದ್ದಾಳೆ.

ಅವನಿಗೆ ಬಹಳ ವರ್ಷಗಳಿಂದ ಒಬ್ಬನ ಚಾಕುವಿನ ಮೇಲೆ ಕಣ್ಣು. ಫ್ರಾನ್ಸಿನ ತಿಯೇರ್ ಎಂಬ ಊರಿನ ಎತಿಯೆನ್ ಎಂಬ ಮುದುಕ. ಒಬ್ಬನೇ ಕೆಲಸ ಮಾಡುತ್ತಾನೆ. ಕಬ್ಬಿಣ ಕಾಯಿಸುವುದರಿಂದ ಹಿಡಿಕೆಗೆ ಹೊಳಪು ಕೊಡುವವರೆಗೆ ಎಲ್ಲ ಅವನದೇ ಕೈ. ವರ್ಷಕ್ಕೆ ಆಗುವುದು ಬೆರಳೆಣಿಕೆಯಷ್ಟು. ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಈಗ ಅವನ ಚಾಕು ಬೇಕೆಂದರೆ ಯಾರೋ ಕೊಂಡವರ ಹತ್ತಿರ ಮತ್ತೆ ಕೊಳ್ಳಬೇಕು, ಅವನು ಮಾರಿದ ಬೆಲೆಯ ಮೂರರಷ್ಟು, ನಾಲ್ಕರಷ್ಟು ಕೊಟ್ಟು. ರುದ್ರೇಶ ಮೊಬೈಲಿನಲ್ಲಿ ಆ ಚಿತ್ರಗಳನ್ನು ತೋರಿಸುತ್ತಾ, "ನೋಡಕ್ಕ, ನಮ್ಮ ಟಾಕೀಸ್ ಮುಂದೆ ಬ್ಲ್ಯಾಕ್‌ನಾಗೆ ಟಿಕೆಟ್ ಮಾರ್ತಿದ್ರಲ್ಲ, ಹಂಗೇ ಇದು" ಅನ್ನುತ್ತಿದ್ದ. ಟಿಕೆಟ್ ಕೊಂಡವನು ಒಳಗೆ ಹೋಗಿ ಸಿನಿಮಾನಾದರೂ ನೋಡುತ್ತಿದ್ದ, ಇವರು ಕೊಂಡು ಲಾಕರಿನಲ್ಲಿ ಇಡುತ್ತಾರಲ್ಲ ಎಂದು ನಾನು ಹೇಳಿದರೆ ಅವನಿಗೆ ಸಿಟ್ಟು.

ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಗೆ ಬಂದವನು ಚಹಾ ಕುಡಿಯುವ ಮೊದಲೇ ಹೇಳಿದ:

"ಅಕ್ಕ, ಫ್ರಾನ್ಸಿಗೆ ಹೋಗಾನ ಬಾ."

"ಎಲ್ಲಿಗೆ?"

"ಫ್ರಾನ್ಸು. ಅಲ್ಲಿ ಚಾಕಿನ ಸಂತೆ ಐತೆ. ಎತಿಯೆನ್ ವರ್ಷಕ್ಕೊಮ್ಮೆ ಅಲ್ಲಿ ಒಂದಿಷ್ಟು ಇಡ್ತಾನೆ, ಅವನದೇ ರೇಟಿಗೆ. ಲತಾ ವಿಮಾನ ಅಂದ್ರೆ ಹೆದರ್ತಾಳೆ. ಟಿಕೆಟ್ಟು, ಊಟ, ಎಲ್ಲಾ ನಂದು. ನೀನು ಸುಮ್ನೆ ಬಂದ್ರೆ ಸಾಕು."

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಕೊನೆಗೆ ಬಿಲ್ ಕೌಂಟರಿನಲ್ಲಿ ನಿವೃತ್ತಳಾದವಳು. ಆಗ ಟ್ರಂಕ್ ಕಾಲ್‌ಗಳನ್ನು ಜೋಡಿಸುತ್ತಾ ದುಬೈ, ಲಂಡನ್ ಎಂದು ಬಾಯಲ್ಲಿ ಅಂದದ್ದೇ ಹೊರತು ನಾನು ಹೋದದ್ದು ಹೆಚ್ಚೆಂದರೆ ಕಾಶಿಯವರೆಗೆ, ಅದೂ ರೈಲಿನಲ್ಲಿ. ತಮ್ಮ ತನ್ನ ಖರ್ಚಿನಲ್ಲಿ ಕರೆಯುತ್ತಿದ್ದಾನೆ ಎಂದು ಎದೆ ತುಂಬಿ ಬಂತು. ನಮ್ಮ ಯಜಮಾನರು ಪೇಪರ್ ಕೆಳಗಿಡದೆ, "ಹೋಗಿ ಬಾ. ನಾನು ಮಂಡಕ್ಕಿ ಮಿರ್ಚಿ ತಿಂದ್ಕಂಡು ಆರಾಮಾಗಿರ್ತೀನಿ" ಎಂದರು. ಅವರ ದನಿಯಲ್ಲಿ ಸ್ವಲ್ಪ ಹೆಚ್ಚೇ ಸಂತೋಷವಿತ್ತು.

ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ನನ್ನ ತಮ್ಮ ಕರೆದುಕೊಂಡು ಹೋಗುತ್ತಿದ್ದಾನೆ ಎಂದು.

ವಿಮಾನ ನಿಲ್ದಾಣ, ಆಮೇಲೆ ಒಂದು ರೈಲು

ಹೊರಡುವ ಮುಂಚೆ ರುದ್ರೇಶ ನನ್ನ ಕೈಚೀಲ ತಪಾಸಣೆ ಮಾಡಿದ್ದ. ಉಗುರು ಕತ್ತರಿ ತೆಗೆದ, ಸೂಜಿ ತೆಗೆದ, ತೆಂಗಿನೆಣ್ಣೆ ಬಾಟಲಿ ತೆಗೆದ. "ಇವೆಲ್ಲಾ ಬಿಡಲ್ಲ ಅಕ್ಕ, ಮರ್ಯಾದೆ ಹೋಗ್ತೈತೆ" ಎಂದ. ಬೆಂಗಳೂರಿನ ನಿಲ್ದಾಣದಲ್ಲಿ ನನ್ನ ಚೀಲ ಸರಾಗವಾಗಿ ಆ ಯಂತ್ರದ ಹೊಟ್ಟೆಯೊಳಗೆ ಹೋಗಿ ಹೊರಬಂತು. ಅವನದು ಬರಲಿಲ್ಲ. ಸಮವಸ್ತ್ರದ ಹುಡುಗಿಯೊಬ್ಬಳು ಅವನ ಚೀಲದ ಬದಿಯ ಜೇಬಿನಿಂದ ಒಂದು ಪುಟ್ಟ ಚಾಕು ತೆಗೆದು, ಇಲಿಯನ್ನು ಬಾಲದಲ್ಲಿ ಹಿಡಿದಂತೆ ಎತ್ತಿ ತೋರಿಸಿದಳು. ದಿನಾ ಜೇಬಿನಲ್ಲಿ ಇರುವುದರಿಂದ ಅದು ಚಾಕು ಎಂಬುದೇ ಅವನಿಗೆ ಮರೆತುಹೋಗಿತ್ತು. "ಮೇಡಂ, ಅದು ಬೆಂಡಿ ಹೆಚ್ಚಾದು ಅಷ್ಟೇ" ಎಂದು ಅವನು ಬೇಡಿಕೊಂಡ. ಅವಳು ಅದನ್ನು ಡಬ್ಬಿಗೆ ಹಾಕಿದಳು. ವಿಮಾನ ಮೇಲೆದ್ದಾಗ ನಾನು ಕಿಟಕಿಯಲ್ಲಿ ಮೋಡ ನೋಡುತ್ತಿದ್ದರೆ ಅವನು ಖಾಲಿ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಪ್ಯಾರಿಸ್ಸಿನಿಂದ ತಿಯೇರ್ ಕಡೆಗೆ ಹೋಗುವ ರೈಲಿನಲ್ಲಿ ನಮ್ಮೆದುರು ಒಬ್ಬ ವಯಸ್ಸಾದ ರೈತ ಮತ್ತು ಅವನ ಹೆಂಡತಿ ಕೂತಿದ್ದರು. ಮಧ್ಯಾಹ್ನವಾದಾಗ ಆಕೆ ನಮ್ಮ ನಡುವಿನ ಮೇಜಿಗೆ ಬಟ್ಟೆ ಹಾಸಿ ಬ್ರೆಡ್ಡು, ಚೀಸು ತೆಗೆದಿಟ್ಟಳು. ಆತ ಪ್ಯಾಂಟಿನ ಜೇಬಿನಿಂದ ಒಂದು ಮಡಚು ಚಾಕು ತೆಗೆದು ಬಿಡಿಸಿದ. ರುದ್ರೇಶನ ಬೆನ್ನು ನೆಟ್ಟಗಾಯಿತು. ಆ ಕಡೆಯ ಗಂಡಸರು ಯಾರ ಮನೆಗೆ ಊಟಕ್ಕೆ ಹೋದರೂ ತಮ್ಮ ಚಾಕುವನ್ನೇ ಒಯ್ಯುತ್ತಾರಂತೆ. ಆತ ಚೀಸಿನ ಒಂದು ತುಂಡನ್ನು ಚಾಕುವಿನ ತುದಿಯಲ್ಲೇ ನನ್ನ ಕಡೆ ಚಾಚಿದ. ನಾನು ಹೆದರಿ ಹಿಂದೆ ಸರಿದೆ. ಅವನ ಹೆಂಡತಿ ನಕ್ಕು ಅದನ್ನು ಬಿಡಿಸಿ ಕೈಗೆ ಕೊಟ್ಟಳು. ಪ್ರತಿಯಾಗಿ ನಾನು ಚಪಾತಿ, ಶೇಂಗಾ ಚಟ್ನಿಪುಡಿ ಕೊಟ್ಟೆ. ಆಕೆ ಒಂದು ತುತ್ತು ತಿಂದು, ಕಣ್ಣೀರು ಒರೆಸಿಕೊಂಡು, ಇನ್ನೊಂದು ತುತ್ತಿಗೆ ಕೈ ಚಾಚಿದಳು.

ಊಟ ಮುಗಿದಾಗ ಆತ ಚಾಕುವಿನ ಅಲಗನ್ನು ಬ್ರೆಡ್ಡಿನ ಕೊನೆಯ ತುಂಡಿಗೆ ಒರೆಸಿ, ಆ ತುಂಡನ್ನು ತಿಂದು, ಚಾಕುವನ್ನು ಟಕ್ಕೆಂದು ಮಡಚಿದ. ಕೂಡಲೇ ಆಕೆ ಬಟ್ಟೆ ಎತ್ತಿದಳು. ನಮ್ಮಲ್ಲಿ ಪಂಕ್ತಿಯಲ್ಲಿ ಹಿರಿಯರು ಏಳುವವರೆಗೂ ಯಾರೂ ಏಳುವುದಿಲ್ಲ. ಅಲ್ಲಿ ಮನೆಯ ಹಿರಿಯನ ಚಾಕು ಮಡಚಿದರೆ ಊಟ ಮುಗಿದಂತೆ. ಆ ಚಾಕುವಿನ ಹಿಡಿಕೆ ಸವೆದು ಅವನ ಅಂಗೈಯ ಆಕಾರಕ್ಕೇ ಬಂದಿತ್ತು. ರುದ್ರೇಶ ನನ್ನ ಕಿವಿಯಲ್ಲಿ, "ಅದು ಮಾಮೂಲಿ ಫ್ಯಾಕ್ಟರಿ ಮಾಲು ಅಕ್ಕ, ಅದಕ್ಕೇನೂ ರೇಟಿಲ್ಲ" ಎಂದ.

ತಿಯೇರ್

ದಾವಣಗೆರೆ ಚಪ್ಪಟೆ ಊರು. ನಮ್ಮ ಮೊಣಕಾಲುಗಳಿಗೆ ಅದರದ್ದೇ ಅಭ್ಯಾಸ. ತಿಯೇರಿನಲ್ಲಿ ರಸ್ತೆ ಎಂದರೆ ಒಂದೋ ಏರು, ಇಲ್ಲವೇ ಮೆಟ್ಟಿಲು. ಮರದ ತೊಲೆಗಳು ಹೊರಗೇ ಕಾಣುವ ಹಳೆಯ ಮನೆಗಳು ಒಂದರ ಹೆಗಲ ಮೇಲೆ ಒಂದು ವಾಲಿಕೊಂಡಿವೆ. ಪ್ರತಿ ಕಿಟಕಿಯ ಗಾಜಿನ ಹಿಂದೆಯೂ ಚಾಕು. ತೆರೆದಿಟ್ಟದ್ದು, ಅರ್ಧ ಮಡಚಿದ್ದು, ಬೀಸಣಿಗೆಯಂತೆ ಜೋಡಿಸಿದ್ದು.

ಮೊದಲ ಅಂಗಡಿಯಲ್ಲೇ ನನ್ನಿಂದ ಎಡವಟ್ಟಾಯಿತು. ಒಳಗೆ ಕಾಲಿಟ್ಟವಳೇ ಒಂದು ಚಾಕುವಿನ ಕಡೆ ಬೆರಳು ಮಾಡಿ "ಎಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಂಗಡಿಯಾಕೆ ನನ್ನನ್ನು ನೋಡಿ, ನಿಧಾನವಾಗಿ "ಬೋಂಜೂರ್" ಎಂದಳು. ನಾನು ಮತ್ತೆ "ಎಷ್ಟು?" ಎಂದೆ. ಆಕೆ ಮತ್ತೆ "ಬೋಂಜೂರ್" ಎಂದಳು. ಮೂರನೆಯ ಸಲಕ್ಕೆ ನನಗೆ ಹೊಳೆಯಿತು. ನಾನೂ ಬೋಂಜೂರ್ ಎಂದೆ. ಆಕೆಯ ಮುಖ ಅರಳಿ, ಬೆಲೆಯ ಜೊತೆಗೆ ಆ ಚಾಕುವಿನ ಇಡೀ ವಂಶಾವಳಿಯನ್ನೇ ಹೇಳಿದಳು. ನಮ್ಮ ಮಾರ್ಕೆಟ್ಟಿನಲ್ಲಿ ಹೂವಿನವಳಿಗೆ ನಮಸ್ಕಾರ ಹೇಳಿ ಮೊಳ ಎಷ್ಟು ಎಂದು ಕೇಳಿದರೆ ಆಕೆ ಗಾಬರಿಯಾಗುತ್ತಾಳೆ.

ನಾವು ಕೋಣೆ ಹಿಡಿದಿದ್ದ ಮನೆಯ ಒಡತಿ ಮುರುಕು ಇಂಗ್ಲಿಷಿನಲ್ಲಿ ಮಾತಾಡುತ್ತಾ ನಮ್ಮನ್ನು ಊರ ಕೆಳಗಿನ ಕಣಿವೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಸಣ್ಣ ನದಿ ಬಂಡೆಗಳ ನಡುವೆ ಸದ್ದು ಮಾಡುತ್ತಾ ಇಳಿಯುತ್ತದೆ. ದಡದುದ್ದಕ್ಕೂ ಮುಚ್ಚಿದ ಕಾರ್ಖಾನೆಗಳು, ಒಡೆದ ಗಾಜು, ಗೋಡೆಯಲ್ಲಿ ಬೆಳೆದ ಗಿಡ. ಆಕೆಯ ತಾತ ಅಲ್ಲಿ ಚಾಕು ಸಾಣೆ ಹಿಡಿಯುತ್ತಿದ್ದನಂತೆ. ತಿರುಗುವ ಕಲ್ಲಿನ ಮೇಲೆ ಹಲಗೆ ಹಾಕಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ದಿನವಿಡೀ ಅಲಗು ಒತ್ತಬೇಕಿತ್ತು. ಕಲ್ಲಿನ ರಾಡಿ ಹಾರಿ ಅಂಗಿಯೆಲ್ಲ ಹಳದಿಯಾಗಿ ಅವರಿಗೆ ಹಳದಿ ಹೊಟ್ಟೆಯವರು ಎಂದೇ ಹೆಸರು. ಕೆಳಗೆ ತಣ್ಣನೆಯ ನೀರು, ಚಳಿ. ಅದಕ್ಕಾಗಿ ಪ್ರತಿಯೊಬ್ಬನೂ ಒಂದು ನಾಯಿ ಸಾಕಿ, ಕೆಲಸದ ಹೊತ್ತಿನಲ್ಲಿ ಅದನ್ನು ತನ್ನ ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಿದ್ದನಂತೆ, ಬೆಚ್ಚಗಿರಲೆಂದು.

ಹರಿಹರದಲ್ಲೂ ನದಿಯಿದೆ, ಮುಚ್ಚಿದ ಕಾರ್ಖಾನೆಯಿದೆ. ನಮ್ಮಪ್ಪ ಅಲ್ಲಿ ಕೆಲಸಕ್ಕಿದ್ದು, ಅದರ ಸೈರನ್ನಿಗೆ ಏಳುತ್ತಿದ್ದವರು. ಕಾರ್ಖಾನೆ ಮುಚ್ಚಿದ ಮೇಲೂ ಅದೇ ಹೊತ್ತಿಗೆ ಎದ್ದು ಜಗಲಿಯಲ್ಲಿ ಕೂರುತ್ತಿದ್ದರು. "ಅಕ್ಕ, ಅವರ ತಾತನ ನಾಯಿ ಹೆಸರೇನು ಕೇಳು" ಎಂದ ರುದ್ರೇಶ. ನಾನು ಕೇಳಿದೆ. ಆಕೆಗೆ ಗೊತ್ತಿರಲಿಲ್ಲ. ತಾತನ ಹೆಸರು ಹೇಳಿದಳು.

ಚಾಕುಗಳ ಸಂತೆ

ಸಂತೆ ನಡೆಯುವುದು ದೊಡ್ಡದೊಂದು ಸಭಾಂಗಣದಲ್ಲಿ. ಬೇರೆ ಬೇರೆ ದೇಶಗಳ ಚಾಕು ಮಾಡುವವರು ಒಬ್ಬೊಬ್ಬರೂ ಒಂದೊಂದು ಮೇಜು ಹಾಕಿಕೊಂಡು ಕೂತಿದ್ದರು. ಜನವೋ ಜನ. ಅಮಾವಾಸ್ಯೆಯ ದಿನ ಉಕ್ಕಡಗಾತ್ರಿಯ ಗುಡಿಯಲ್ಲಿ ನೂಕುನುಗ್ಗಲಾಗುತ್ತದಲ್ಲ, ಅಷ್ಟು ಜನ. ಆದರೆ ಯಾರೂ ಯಾರನ್ನೂ ನೂಕುವುದಿಲ್ಲ. ಒಬ್ಬರಿಗೊಬ್ಬರು ಭುಜ ತಾಗಿದರೂ ಕ್ಷಮೆ ಕೇಳುತ್ತಾರೆ.

ಎತಿಯೆನ್‌ನ ಮೇಜಿನ ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಏಳು ಚಾಕು. ಮಿಕ್ಕ ಮೇಜುಗಳಲ್ಲಿದ್ದಂತೆ ಬಣ್ಣದ ಕಲ್ಲು, ಚಿನ್ನದ ಗೆರೆ ಯಾವುದೂ ಇಲ್ಲ. ಆತ ಸಣಕಲು ಮನುಷ್ಯ. ಕಿವಿಗೆ ಯಂತ್ರ ಹಾಕಿಕೊಂಡು, ತನಗೂ ಈ ಗದ್ದಲಕ್ಕೂ ಸಂಬಂಧವೇ ಇಲ್ಲ ಎಂಬಂತೆ ಕೂತಿದ್ದ. ಪಕ್ಕದಲ್ಲಿ ಮಗಳು ಕ್ಲೇರ್, ನಡುವಯಸ್ಸಿನವಳು, ಇಂಗ್ಲಿಷ್ ಬಲ್ಲವಳು. ಮೇಜಿನ ತುದಿಯಲ್ಲಿ ಗಾಜಿನ ಭರಣಿ. ಬೇಕಾದವರು ಹೆಸರು ಬರೆದು ಚೀಟಿ ಹಾಕಬೇಕು, ಒಬ್ಬರಿಗೆ ಒಂದೇ ಚೀಟಿ. ಹೆಸರು ಬಂದವರು ಸರದಿಯಂತೆ ತಮಗೆ ಇಷ್ಟವಾದದ್ದನ್ನು ಆರಿಸಿ ಅವನ ಬೆಲೆಗೆ ಕೊಳ್ಳಬಹುದು.

ರುದ್ರೇಶ ತನ್ನ ಚೀಟಿ ಹಾಕಿ, ಇನ್ನೊಂದು ಚೀಟಿ ನನ್ನ ಕೈಗೆ ಕೊಟ್ಟು, "ನೀನೂ ಒಂದು ಹಾಕಿಬಿಡಕ್ಕ" ಎಂದ. ಹಾಕಿದೆ.

ಚೀಟಿ ಎತ್ತುವುದನ್ನು ಕಾಯುತ್ತಾ ನಿಂತಾಗ ಬೆಲ್ಜಿಯಂ ದೇಶದ ಯಾನ್ ಎಂಬ ಗುಂಡಗಿನ ಮನುಷ್ಯನ ಪರಿಚಯವಾಯಿತು. ಎತಿಯೆನ್‌ನ ಚಾಕುಗಳು ಅವನ ಹತ್ತಿರ ಆಗಲೇ ಹಲವು ಇದ್ದವು. ಎಲ್ಲವೂ ಬ್ಯಾಂಕ್ ಲಾಕರಿನಲ್ಲಿ. "ಹೇಗೆ ಕತ್ತರಿಸುತ್ತವೆ?" ಎಂದು ನಾನು ಕೇಳಿದೆ. ಅವನು ಹೌಹಾರಿದ. ಕತ್ತರಿಸಿದರೆ ಅಲಗಿನ ಮೇಲೆ ಗೀರು ಬೀಳುತ್ತದೆ, ಗೀರು ಬಿದ್ದರೆ ಬೆಲೆ ಬೀಳುತ್ತದೆ ಎಂದು ಮಗುವಿಗೆ ಹೇಳುವಂತೆ ಹೇಳಿದ. ನನಗೆ ನಮ್ಮ ಊರ ಹೊರಗಿನ ಬಡಾವಣೆಗಳ ನೆನಪಾಯಿತು. ಸೈಟು ಕೊಂಡು ಕಲ್ಲು ನೆಟ್ಟು ಬಿಟ್ಟುಬಿಡುತ್ತಾರೆ. ಮನೆ ಕಟ್ಟುವುದಿಲ್ಲ, ಮಾರುವುದೂ ಇಲ್ಲ. ಬಾಡಿಗೆ ಮನೆಯವರು ಆ ಪಾರ್ಥೇನಿಯಂ ಕಳೆಯ ನಡುವಿನ ಕಾಲುದಾರಿಯಲ್ಲಿ ನಡೆದು ಹೋಗುತ್ತಿರುತ್ತಾರೆ.

ಯಾನ್ ತನ್ನ ಹೆಂಡತಿ, ಅತ್ತೆ, ಪಕ್ಕದ ಮನೆಯವರು ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಬಂದಿದ್ದ. "ಎಷ್ಟು ಜನವೋ ಅಷ್ಟು ಚೀಟಿ" ಎಂದು ಕಣ್ಣು ಮಿಟುಕಿಸಿದ. ಆಮೇಲೆ ರುದ್ರೇಶನ ಕಡೆ ಮೆಚ್ಚುಗೆಯಿಂದ ನೋಡಿ ನನಗೆ ಹೇಳಿದ: "ಆದರೆ ನಿಮ್ಮ ತಮ್ಮ ನಮ್ಮೆಲ್ಲರನ್ನೂ ಮೀರಿಸಿದ. ಒಂದು ಚೀಟಿಗಾಗಿ ಅಕ್ಕನಿಗೆ ವಿಮಾನದ ಟಿಕೆಟ್ಟು! ಎಷ್ಟೋ ತಿಂಗಳ ಹಿಂದೆಯೇ ಚಾಕು ಕೊಳ್ಳುವವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದ, ಮನೆಯವರ ಚೀಟಿ ನಡೆಯುತ್ತದಾ ಅಂತ."

ಅವನು ತಮಾಷೆಗೇ ಹೇಳಿದ. ನಾನೂ ನಕ್ಕೆ. ನಗು ಮುಗಿದ ಮೇಲೆ ಮಾತು ಒಳಗೆ ಇಳಿಯಿತು. ಓಣಿಯಲ್ಲಿ ಮನೆಮನೆಗೂ ಹೇಳಿಕೊಂಡು ಬಂದದ್ದು ನೆನಪಾಗಿ ಮುಖ ಬಿಸಿಯಾಯಿತು. ರುದ್ರೇಶನಿಗೆ ಅವನ ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ. ಅವನ ಕಣ್ಣು ಭರಣಿಯ ಮೇಲೇ ಇತ್ತು.

ಕ್ಲೇರ್ ಚೀಟಿ ಎತ್ತತೊಡಗಿದಳು. ಒಂದು ಹೆಸರು, ಚಪ್ಪಾಳೆ. ಇನ್ನೊಂದು, ಚಪ್ಪಾಳೆ. ಮೂರನೆಯದನ್ನು ಬಿಡಿಸಿ "ಜಿರಿಜಾ" ಎಂದಳು. ಯಾರೂ ಮುಂದೆ ಬರಲಿಲ್ಲ. "ಜಿರಿಜಾ, ಇಂಡಿಯಾ" ಎಂದಳು. ನಾನು ಆಗಲೂ ಸುಮ್ಮನೆ ನಿಂತಿದ್ದೆ. ರುದ್ರೇಶ ನನ್ನ ಭುಜ ಹಿಡಿದು ಅಲ್ಲಾಡಿಸಿದ.

"ಗಿರಿಜಾ! ಅಕ್ಕ, ಅದು ನೀನು! ಬಂತು, ನಂಗೆ ಬಂತು!"

ನಂಗೆ ಬಂತು ಎಂದದ್ದು ಅವನಿಗೇ ಕೇಳಿಸಲಿಲ್ಲ. ನನಗೆ ಕೇಳಿಸಿತು. ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೂತ ಕಿವಿ ಅದು.

ಮೇಜಿನ ಹತ್ತಿರ ಹೋಗುವಷ್ಟರಲ್ಲಿ ಯಾನ್ ನನ್ನ ಪಕ್ಕಕ್ಕೆ ಬಂದು, ಯಾವುದನ್ನೇ ಆರಿಸಿದರೂ ಮೂರರಷ್ಟು ಕೊಡುತ್ತೇನೆ ಎಂದು ಪಿಸುಗುಟ್ಟಿದ. ನಾನಿನ್ನೂ ಒಂದು ಚಾಕುವನ್ನೂ ಕೈಯಲ್ಲಿ ಮುಟ್ಟಿರಲಿಲ್ಲ. ಇನ್ನೊಂದು ಕಿವಿಯಲ್ಲಿ ರುದ್ರೇಶ: "ಟಗರಿನ ಕೊಂಬಿನ ಹಿಡಿಕೆದು ತಗ, ಎಡಗಡೆಯಿಂದ ಎರಡನೇದು. ಅದೇ, ಅದೇ."

ನಾನು ಅದನ್ನು ಮುಟ್ಟಲಿಲ್ಲ. ತುದಿಯಲ್ಲಿದ್ದ, ಎಲ್ಲಕ್ಕಿಂತ ಚಿಕ್ಕದಾದ, ಅಕ್ರೋಟು ಮರದ ಹಿಡಿಕೆಯದನ್ನು ತೋರಿಸಿದೆ. ಅದು ನನ್ನ ಅಂಗೈಗೆ ಸರಿಯಾಗುವಂತೆ ಕಂಡಿತು, ಅಷ್ಟೇ. ಎತಿಯೆನ್ ಅದನ್ನೆತ್ತಿ ನನ್ನ ಕೈಗೆ ಚಾಚಿದ. ನಾನು ಅಭ್ಯಾಸಬಲದಿಂದ ಮೇಜಿನ ಮೇಲೆ ಇಡಿ ಎಂದು ಸನ್ನೆ ಮಾಡಿದೆ. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಎಂದು ಕ್ಲೇರ್‌ಗೆ ವಿವರಿಸಿದೆ. ಅವಳು ಅಪ್ಪನಿಗೆ ಹೇಳಿದಾಗ ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಅಲ್ಲೂ ಅಂಥದ್ದೇ ನಂಬಿಕೆಯಂತೆ. ಚಾಕು ಉಡುಗೊರೆಯಾಗಿ ಕೊಟ್ಟರೆ ತೆಗೆದುಕೊಂಡವರು ಒಂದು ನಾಣ್ಯವನ್ನಾದರೂ ಕೊಡಬೇಕಂತೆ, ಇಲ್ಲದಿದ್ದರೆ ಸ್ನೇಹ ಕತ್ತರಿಸುತ್ತದೆಯಂತೆ. ಆತ ಚಾಕುವನ್ನು ಬಟ್ಟೆಯ ಮೇಲಿಟ್ಟ, ನಾನು ಎತ್ತಿಕೊಂಡೆ.

"ಇದರಿಂದ ಏನು ಕತ್ತರಿಸುತ್ತೀರಿ ಎಂದು ಅಪ್ಪ ಕೇಳುತ್ತಿದ್ದಾರೆ" ಎಂದಳು ಕ್ಲೇರ್.

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಪೇರಲಹಣ್ಣು" ಎಂದುಬಿಟ್ಟೆ. ನಮ್ಮ ಹಿತ್ತಲಲ್ಲಿ ಒಂದು ಗಿಡವಿದೆ. ಎತಿಯೆನ್ ತಲೆಯಾಡಿಸಿದ. ಆಮೇಲೆ ಮಗಳ ಕಡೆ ತಿರುಗಿ ಉದ್ದವಾಗಿ ಏನೋ ಹೇಳಿದ. ಕ್ಲೇರ್ ಎಲ್ಲರಿಗೂ ಕೇಳುವಂತೆ ಹೇಳಿದಳು: "ಕಳೆದ ವರ್ಷ ಇಲ್ಲಿ ಬೆಳಿಗ್ಗೆ ಕೊಟ್ಟ ಚಾಕುವನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಕೊಂಡವರು ಫೋನಿನಲ್ಲಿ ಮಾರಾಟಕ್ಕೆ ಇಟ್ಟದ್ದನ್ನು ಅಪ್ಪ ನೋಡಿದರು. ಅದಕ್ಕೇ ಈ ಸಲ ಚೀಟಿ ಬಂದವರ ಹೆಸರನ್ನು ಅಲಗಿನ ಮೇಲೆ ಕೆತ್ತಿಕೊಡುತ್ತಾರೆ. ಬೇರೆಯವರ ಹೆಸರು ಕೆತ್ತುವುದಿಲ್ಲ."

ಯಾನ್ ಹಿಂದೆ ಸರಿದ. ಹೆಸರು ಬಿದ್ದ ಚಾಕು ಅವನಿಗೆ ಬೇಡ. ರುದ್ರೇಶ ಮುಂದೆ ಬಾಗಿ ತನಗೆ ಬಂದ ಇಂಗ್ಲಿಷಿನಲ್ಲಿ, "ಬ್ರದರ್, ಐ ಬ್ರದರ್, ಮೈ ನೇಮ್" ಎಂದು ಎದೆ ಮುಟ್ಟಿಕೊಂಡು ಬೇಡಿದ. ಎತಿಯೆನ್ ಅವನನ್ನು ಬೇಸರವಿಲ್ಲದೆ ನೋಡಿ ಏನೋ ಅಂದ. "ಇಲ್ಲಿ ಬಂದವರಿಗೆಲ್ಲ ಒಬ್ಬ ತಮ್ಮ ಇರುತ್ತಾನೆ ಎನ್ನುತ್ತಾರೆ ಅಪ್ಪ" ಎಂದಳು ಕ್ಲೇರ್.

ಎತಿಯೆನ್ ನನ್ನ ಮುಂದೆ ಕಾಗದ ಇಟ್ಟ. ನಾನು ಕನ್ನಡದಲ್ಲಿ ಬರೆದೆ: ಗಿರಿಜಾ. ಅವನು ಕನ್ನಡಕ ಮೇಲೆತ್ತಿ ಆ ಅಕ್ಷರಗಳನ್ನು ಹತ್ತಿರದಿಂದ ನೋಡಿದ, ಬೆರಳಿನಿಂದ ಗಾಳಿಯಲ್ಲಿ ತಿದ್ದಿದ. ಒಂದೂ ನೇರ ಗೆರೆ ಇಲ್ಲವಲ್ಲ, ಇದಕ್ಕೆ ಸಮಯ ಬೇಕು, ನಾಳೆ ಬನ್ನಿ ಎಂದ. ಅವನಿಗೆ ಖುಷಿಯಾದದ್ದು ಕಾಣುತ್ತಿತ್ತು.

ತಿರುಗಿ ನೋಡಿದರೆ ರುದ್ರೇಶ ಅಲ್ಲಿರಲಿಲ್ಲ.

ನದಿಯ ಸೇತುವೆ

ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಕಣಿವೆಯ ಸೇತುವೆಯ ಕಟ್ಟೆಗೆ ಒರಗಿ ನಿಂತಿದ್ದ. ಉಳಿದ ಚೀಟಿಗಳಲ್ಲಿ ಅವನ ಹೆಸರು ಬಂದಿರಲಿಲ್ಲ. ನಾನು ಒಂದೊಂದೇ ಮೆಟ್ಟಿಲು ಇಳಿದು ಅವನ ಪಕ್ಕಕ್ಕೆ ಹೋದೆ.

"ರುದ್ರ, ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬ್ಯಾಡ. ನನ್ನ ಕರ್ಕಂಡು ಬಂದಿದ್ದು ಚೀಟಿ ಹಾಕ್ಸಾಕಾ?"

ಅವನು ನೀರು ನೋಡುತ್ತಾ ನಿಂತ. ಇಲ್ಲ ಅನ್ನುತ್ತಾನೆ, ಅಂದರೆ ನಂಬಿಬಿಡೋಣ ಎಂದು ನಾನು ಒಳಗೊಳಗೇ ತಯಾರಾಗಿದ್ದೆ.

"ಹೂಂ" ಎಂದ.

ಅವನೇ ಮುಂದುವರಿಸಿದ. "ಗೆಳೆಯರನ್ನ ಕರ್ಕಂಡು ಬಂದ್ರೆ, ಗೆದ್ದರೆ ಅವರೇ ಇಟ್ಕಂತಾರೆ. ಇಲ್ಲಾ ಮಾರ್ತಾರೆ. ನೀನಾದ್ರೆ ಕೊಡ್ತೀಯ ಅಂತ ಗೊತ್ತಿತ್ತು."

"ಗೊತ್ತಿತ್ತು ಸರಿ. ಕೇಳಿದ್ಯಾ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿನ್ನ ಕೇಳಾದೇನೈತೆ ಅಕ್ಕ?"

ಅವನು ಅದನ್ನು ಅಕ್ಕರೆಯಿಂದಲೇ ಹೇಳಿದ. ಅದೇ ನನ್ನನ್ನು ಚುಚ್ಚಿದ್ದು. ನಂದಿಗುಡಿ ಹತ್ತಿರ ನಮ್ಮಪ್ಪನಿಗೆ ಒಂದು ಗದ್ದೆಯಿತ್ತು. ಅಪ್ಪ ಹೋದ ಮೇಲೆ ಅದನ್ನು ಮಾರಿ ರುದ್ರೇಶ ವರ್ಕ್‌ಶಾಪ್ ಹಾಕಿದ. ಆಗಲೂ ಹೀಗೇ. ನೋಂದಣಿ ಕಚೇರಿಯಲ್ಲಿ ಕಾಗದ ಮುಂದಿಟ್ಟು "ಇಲ್ಲೊಂದು ಸೈನ್ ಹಾಕಕ್ಕ" ಎಂದ. ಹಾಕಿದೆ. ನನಗೆ ಸಂಬಳವಿತ್ತು, ಅವನಿಗೆ ಕೆಲಸವಿರಲಿಲ್ಲ, ಕೊಡಬೇಕಾದದ್ದೇ. ಅದರ ಬಗ್ಗೆ ಇವತ್ತಿಗೂ ನನಗೆ ಬೇಸರವಿಲ್ಲ. ಕೇಳಿದ್ದರೂ ಕೊಡುತ್ತಿದ್ದೆ, ಕೇಳದೆಯೂ ಕೊಟ್ಟೆ. ಆದರೆ ನನಗೆ ಇಲ್ಲ ಅನ್ನುವ ಅವಕಾಶವೊಂದಿದೆ ಎಂದು ನಮ್ಮಿಬ್ಬರಿಗೂ ಯಾವತ್ತೂ ಹೊಳೆದಿರಲಿಲ್ಲ. ಅದು ಹೊಳೆಯುವುದಕ್ಕೆ ನಾನು ಸಮುದ್ರ ದಾಟಿ ಬರಬೇಕಾಯಿತು.

ಇವನು ನನ್ನನ್ನು ನಂಬಿದ್ದನೋ, ಲೆಕ್ಕಕ್ಕೇ ಹಿಡಿದಿರಲಿಲ್ಲವೋ? ಸೇತುವೆಯ ಮೇಲೆ ನಿಂತು ನಾನು ಅದನ್ನೇ ಯೋಚಿಸಿದೆ. ಎರಡೂ ಇರಬಹುದು ಅನ್ನಿಸಿತು. ಹತ್ತಿರದವರ ವಿಷಯದಲ್ಲಿ ಅವೆರಡೂ ಬೇರೆ ಬೇರೆಯಾಗಿ ಸಿಗುವುದಿಲ್ಲ.

"ಕೊಡಲ್ಲ ಕಣಪ" ಎಂದೆ.

"ಹಾಂ?"

"ಆ ಚಾಕು ನಿಂಗೆ ಕೊಡಲ್ಲ. ನಾನೇ ಇಟ್ಕಂತೀನಿ. ದುಡ್ಡು ನಾನೇ ಕೊಡ್ತೀನಿ, ನನ್ನ ಪೆನ್ಷನ್‌ನಾಗೆ."

ಅವನು ನನ್ನನ್ನು ದಿಟ್ಟಿಸಿ ನೋಡಿದ. ಐವತ್ತು ದಾಟಿದ ಗಂಡಸಿನ ಮುಖದಲ್ಲಿ ಆಟಿಕೆ ಕಳೆದುಕೊಂಡ ಹುಡುಗನ ತುಟಿ. ಇನ್ನೊಂದು ಕ್ಷಣ ಅವನು ಹಾಗೇ ನೋಡಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ. ಆದರೆ ಅವನು ಮುಖ ತಿರುಗಿಸಿದ.

"ಕೊಂಬಿನ ಹಿಡಿಕೆದಾದ್ರೂ ತಗಳಾದಲ್ವಾ" ಎಂದ ಕೊನೆಗೆ. "ಮರ ಬಿರುಕು ಬಿಡ್ತೈತೆ ನಮ್ಮ ಬಿಸಿಲಿಗೆ."

"ಬಿಟ್ಟರೆ ಬಿಡ್ಲಿ."

"ಎಣ್ಣಿ ಹಚ್ಚಬೇಕು ಆವಾಗಾವಾಗ."

"ಹಚ್ತೀನಿ."

ಮರುದಿನ ಚಾಕು ತರಲು ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಎತಿಯೆನ್ ಬಟ್ಟೆ ಬಿಡಿಸಿ ತೋರಿಸಿದಾಗ ಅಲಗಿನ ಬುಡದಲ್ಲಿ ನನ್ನ ಹೆಸರು ಅಕ್ಕಿಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಇತ್ತು. ಜಾ ಅಕ್ಷರದ ಕೊನೆಯ ಸುತ್ತು ಸ್ವಲ್ಪ ಹೆಚ್ಚೇ ಉದ್ದವಾಗಿತ್ತು. ಒಂದನೇ ಕ್ಲಾಸಿನ ಮಕ್ಕಳು ಹಾಗೆ ಬರೆಯುತ್ತಾರೆ. ರುದ್ರೇಶ ಕೈ ಹಿಂದೆ ಕಟ್ಟಿಕೊಂಡು ಬಾಗಿ ನೋಡಿ, ಎತಿಯೆನ್‌ಗೆ ಎರಡೂ ಕೈ ಜೋಡಿಸಿದ.

ಮತ್ತೆ ಮನೆ

ದೊಡ್ಡ ಪೆಟ್ಟಿಗೆಯ ಬಟ್ಟೆಗಳ ನಡುವೆ ಊರಿಗೆ ಬಂದ ಚಾಕುವನ್ನು ನಾನು ಬೀರುವಿನಲ್ಲಿ ಇಡಲಿಲ್ಲ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇರುತ್ತದೆ. ಪೇರಲ ಹೆಚ್ಚುತ್ತೇನೆ, ಹೂವಿನ ದಾರ ಕತ್ತರಿಸುತ್ತೇನೆ, ಹಾಲಿನ ಪಾಕೀಟು ಒಡೆಯುತ್ತೇನೆ. ನಿಂಬೆಹಣ್ಣು ಕೊಯ್ದ ದಿನ ಅಲಗಿನ ಮೇಲೆ ಮೋಡದಂಥ ಕಪ್ಪು ಕಲೆ ಬಿತ್ತು. ಭಾನುವಾರ ಬಂದ ರುದ್ರೇಶ ಅದನ್ನು ನೋಡಿ ತನ್ನ ಕೈಯೇ ಸುಟ್ಟುಕೊಂಡವನಂತೆ ಉಸಿರೆಳೆದುಕೊಂಡ. ಮುಂದಿನ ವಾರ ಬಂದಾಗ ಒಂದು ಸಾಣೆಕಲ್ಲು ತಂದು ಕಟ್ಟೆಯ ಮೇಲಿಟ್ಟು ಹೋದ.

ಸ್ವಲ್ಪ ದಿನಗಳಾದ ಮೇಲೆ ಒಂದು ವಿಚಿತ್ರ ನಡೆಯಿತು. ನಾವು ಚಾಕು ತರಲು ಹೋದ ದಿನ ಸಂತೆಯಲ್ಲಿ ಯಾನ್ ಹೆಸರು ಕಾಣುವಂತೆ ಅದರ ಫೋಟೋ ತೆಗೆದು ಅವರ ಗುಂಪಿನಲ್ಲಿ ಹಾಕಿದ್ದನಂತೆ. ಎತಿಯೆನ್ ಹೆಸರು ಕೆತ್ತಿದ ಉಳಿದ ಚಾಕುಗಳಲ್ಲೆಲ್ಲ ಇಂಗ್ಲಿಷ್ ಅಕ್ಷರ, ಇದೊಂದರಲ್ಲೇ ಕನ್ನಡ. ಇಂಥದ್ದು ಇನ್ನೊಂದಿಲ್ಲ, ಇನ್ನು ಮುಂದೆ ಆಗುವುದೂ ಇಲ್ಲ. ಎತಿಯೆನ್‌ಗೆ ಕೈ ನಡುಗುತ್ತಿದೆ, ಕೆಲಸ ನಿಲ್ಲಿಸುತ್ತಾನೆ ಎಂದು ಸುದ್ದಿ. ಮರುಮಾರಾಟ ತಪ್ಪಿಸಲು ಅವನು ಕೆತ್ತಿದ ಹೆಸರೇ ಬೆಲೆಯನ್ನು ಎಲ್ಲಿಗೋ ಏರಿಸಿಬಿಟ್ಟಿತ್ತು. ಪಾಪ, ಅವನಿಗೆ ಇದು ಗೊತ್ತಾಗದಿರಲಿ ಎಂದುಕೊಂಡೆ.

ಇದೆಲ್ಲ ನನಗೆ ತಿಳಿದದ್ದು ರುದ್ರೇಶನಿಂದಲೇ. ಒಂದು ಭಾನುವಾರ ಚಹಾ ಕುಡಿಯುತ್ತಾ, ಏನೋ ಸಣ್ಣ ವಿಷಯ ಎಂಬಂತೆ ಹೇಳಿದ:

"ಪುಣೆಯವನೊಬ್ಬ ಫೋನ್ ಮಾಡಿದ್ದ ಅಕ್ಕ. ನಿನ್ನ ಚಾಕು ಕೇಳ್ದ. ಅವನು ಹೇಳಿದ ರೇಟಿಗೆ ನಿಮ್ಮ ಮ್ಯಾಗಳ ಮನೆ ಕಟ್ಟಿಸಬೋದಾಗಿತ್ತು."

ನಮ್ಮ ಯಜಮಾನರು ಪೇಪರ್ ಕೆಳಗಿಟ್ಟರು.

"ಏನಂದಿ?" ಎಂದು ಕೇಳಿದೆ.

"ಕೊಡಲ್ಲ ಅಂದೆ. ಅದು ನಮ್ಮಕ್ಕಂದು, ಪೇರಲ ಹೆಚ್ಚಾಕತ್ತಾಳೆ, ಮತ್ತೆ ಮಾಡಬ್ಯಾಡ್ರಿ ಅಂತ ಫೋನ್ ಇಟ್ಟೆ." ಅವನ ದನಿಯಲ್ಲಿ ಹೆಮ್ಮೆಯಿತ್ತು. ತಾನು ಎಂಥ ಆಸೆಯನ್ನು ಗೆದ್ದೆ ಎಂಬುದನ್ನು ನಾನು ಗಮನಿಸಲಿ ಎಂದು ಕಾಯುತ್ತಿದ್ದ.

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. "ಅಲ್ಲೋ ರುದ್ರ, ಚಾಕು ಯಾರದು?"

"ನಿಂದು."

"ಮತ್ತೆ ಇಲ್ಲ ಅನ್ನಾಕೆ ನೀನ್ಯಾರು?"

ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ. ರುದ್ರೇಶನ ಮುಖದ ಮೇಲೆ ಮೊದಲು ಗೊಂದಲ, ಆಮೇಲೆ ಇನ್ನೇನೋ ನಿಧಾನವಾಗಿ ಬಂತು. ಆ ಸೇತುವೆಯ ಮೇಲೆ ನಾನು ಕೇಳಿದ್ಯಾ ಎಂದಾಗ ಬಾರದೇ ಹೋದದ್ದು ಅದು. ಲೋಟ ಕೆಳಗಿಟ್ಟ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, ಪರೀಕ್ಷೆಗೆ ಕೂತವನಂತೆ ನೆಟ್ಟಗೆ ಕೂತ.

"ಅಕ್ಕ" ಎಂದ. "ಕೇಳ್ತೀನಿ ಈಗ. ಚಾಕು ಮಾರ್ತೀಯಾ?"

ನಾನು ತಕ್ಷಣ ಹೇಳಲಿಲ್ಲ. ಯೋಚಿಸುವುದಕ್ಕೆ ನನಗೂ ಒಂದಿಷ್ಟು ಹೊತ್ತು ಬೇಕಿತ್ತು, ಅಷ್ಟು ಹೊತ್ತನ್ನು ನಾನು ತೆಗೆದುಕೊಂಡೆ. ಅವನು ಕಾದ.

"ಇಲ್ಲ ಕಣಪ" ಎಂದೆ.

"ಆಯ್ತು" ಎಂದ.